ಕಪ್ಪು-ಬಿಳುಪು ಫೋಟೋ: ತೆಗೆಯುವಾಗಲೇ ಬೂದು ನೋಡಬೇಕಾ, ಆಮೇಲೆ ಮಾಡಿಕೊಂಡರೆ ಸಾಕಾ?

ಕೆಂಪು ದಾಸವಾಳಕ್ಕೂ ಅದರ ಹಸಿರು ಎಲೆಗೂ ಕಪ್ಪು-ಬಿಳುಪಿನಲ್ಲಿ ಹೆಚ್ಚುಕಮ್ಮಿ ಒಂದೇ ಬಣ್ಣ. ನಂಬಿಕೆ ಬಾರದಿದ್ದರೆ ಅಂಗಳಕ್ಕಿಳಿದು ಒಂದು ಫೋಟೋ ತೆಗೆದು ನೋಡಿ. ಅಷ್ಟು ದೂರದಿಂದ ಕಣ್ಣಿಗೆ ಹೊಡೆಯುವ ಹೂವು ಫೋಟೋದಲ್ಲಿ ಎಲೆಯೊಳಗೆ ಸೇರಿಹೋಗಿರುತ್ತದೆ. ನಡುವೆ ಚಾಚಿಕೊಂಡ ಕೇಸರದ ಹಳದಿ ಚುಕ್ಕೆಗಳು ಮಾತ್ರ ಬೆಳ್ಳಗೆ ಉಳಿಯುತ್ತವೆ.

ಕಾಸರಗೋಡಿನ ಕಡೆ ಕಪ್ಪು-ಬಿಳುಪು ಫೋಟೋ ತೆಗೆಯುವವರಿಗೆ ಇದು ಸಣ್ಣ ತಲೆನೋವಲ್ಲ. ನಮ್ಮ ಊರೇ ಕೆಂಪು ಮತ್ತು ಹಸಿರು. ಮುರಕಲ್ಲಿನ ಗೋಡೆ, ಅದರ ಬುಡದಲ್ಲಿ ಹುಲ್ಲು. ಕೆಂಪು ಮಣ್ಣಿನ ದಾರಿ, ಎರಡೂ ಬದಿಯಲ್ಲಿ ಅಡಿಕೆ ತೋಟ. ಒಳ್ಳೆಮೆಣಸು ಹಣ್ಣಾದರೆ ಬಳ್ಳಿಯ ಹಸಿರಿನ ನಡುವೆ ಕೆಂಪು ಕಾಳು. ಬಣ್ಣದಲ್ಲಿ ಇವೆಲ್ಲ ಬೇರೆ ಬೇರೆ ನಿಂತು ಮಾತಾಡುತ್ತವೆ. ಬಣ್ಣ ತೆಗೆದರೆ ಒಂದೇ ಗಂಜಿ.

ಯಾಕೆ ಹೀಗೆ ಅಂತ ಕೇಳಿದರೆ, ಟಿವಿ ಕಾಲದಿಂದ ಬಂದ ಒಂದು ಲೆಕ್ಕ ಉಂಟು. ಬಣ್ಣದ ಚಿತ್ರವನ್ನು ಬೂದಿಗೆ ಇಳಿಸುವಾಗ ಹಸಿರಿಗೆ ನೂರಕ್ಕೆ 59 ಪಾಲು, ಕೆಂಪಿಗೆ 30, ನೀಲಿಗೆ 11. ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುವುದರಿಂದ ಈ ಹಂಚಿಕೆ. ಕ್ಯಾಮೆರಾ ಕಂಪನಿಗಳು ಇದನ್ನು ತಮ್ಮ ರುಚಿಗೆ ತಕ್ಕ ಹಾಗೆ ಸ್ವಲ್ಪ ಹಿಂದೆಮುಂದೆ ಮಾಡಿಕೊಳ್ಳುತ್ತವೆ. ನಮ್ಮ ಮನೆಯ ದಾಸವಾಳದ ಫೋಟೋ ತೆರೆದು ನಾನೊಮ್ಮೆ ಲೆಕ್ಕ ಹಾಕಿದ್ದೆ. ಪ್ರತಿ ಬಣ್ಣಕ್ಕೂ 0 ಯಿಂದ 255 ರ ತನಕ ಒಂದು ಅಂಕಿ. ಎಸಳಿನಲ್ಲಿ ಕೆಂಪು 200, ಹಸಿರು 20, ನೀಲಿ 30. ಎಲೆಯಲ್ಲಿ ಕೆಂಪು 60, ಹಸಿರು 110, ನೀಲಿ 40. ಪಾಲು ಹಾಕಿ ಕೂಡಿಸಿದರೆ ಹೂವಿಗೆ 75, ಎಲೆಗೆ 87. 255 ರಲ್ಲಿ 12 ರ ಅಂತರ. ಅಷ್ಟು ಅಂತರದಲ್ಲಿ ಹೂವು ಎಲೆಯಿಂದ ಎದ್ದು ಬರುವುದಿಲ್ಲ.

ಈಗ ಪ್ರಶ್ನೆ ಇಷ್ಟೇ. ಹೂವು ಮಾಯವಾದದ್ದು ನಮಗೆ ಯಾವಾಗ ಗೊತ್ತಾಗಬೇಕು? ಗಿಡದ ಎದುರು ನಿಂತಿರುವಾಗಲಾ, ಮನೆಗೆ ಬಂದು ಕಂಪ್ಯೂಟರ್ ತೆರೆದ ಮೇಲಾ?

ದಾರಿ ಮೂರು. ಒಂದು, ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ಇಟ್ಟು ಜೆಪೆಗ್ (ಕ್ಯಾಮೆರಾ ತಾನೇ ಮುಗಿಸಿ ಕೊಡುವ ಫೋಟೋ ಫೈಲ್) ಮಾತ್ರ ತೆಗೆಯುವುದು. ಎರಡು, ಎಂದಿನ ಹಾಗೆ ಬಣ್ಣದಲ್ಲಿ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಬಣ್ಣ ಕಳೆಯುವುದು. ಮೂರು, ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಕಪ್ಪು-ಬಿಳುಪು ನೋಡುತ್ತಾ ರಾ ಫೈಲ್ ತೆಗೆಯುವುದು. ರಾ ಫೈಲ್ ಅಂದರೆ ಸೆನ್ಸರ್ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಂಡ ಕಡತ. ಪರದೆಯಲ್ಲಿ ಬೂದು ಕಂಡರೂ ಅದರೊಳಗೆ ಬಣ್ಣ ಭದ್ರವಾಗಿರುತ್ತದೆ.

ನನ್ನ ಓಟು ಮೂರನೆಯದಕ್ಕೆ. ಆದರೆ ಉಳಿದ ಎರಡನ್ನೂ ವರ್ಷಗಟ್ಟಲೆ ಮಾಡಿ ಪೆಟ್ಟು ತಿಂದೇ ಇಲ್ಲಿಗೆ ಬಂದದ್ದು.

ಜೆಪೆಗ್ ಮಾತ್ರ: ಸುಲಭ, ಆದರೆ ವಾಪಸ್ ಬರುವ ದಾರಿ ಇಲ್ಲ

ಮೊದಲನೆಯದರ ಕಥೆ ಬೇಗ ಮುಗಿಸುತ್ತೇನೆ. ಅಕ್ಕನ ಮಗನ ಉಪನಯನಕ್ಕೆ ಹೋಗಿದ್ದೆ. ಹೊಸದಾಗಿ ಕಪ್ಪು-ಬಿಳುಪಿನ ಹುಚ್ಚು. ಕಾರ್ಡಿನಲ್ಲಿ ಜಾಗ ಉಳಿಯಲಿ ಅಂತ ರಾ ಬಂದ್ ಮಾಡಿ, ಬರೀ ಜೆಪೆಗ್‌ನಲ್ಲಿ ಮುನ್ನೂರು ಚಿಲ್ಲರೆ ಫೋಟೋ ತೆಗೆದೆ. ಹೋಮದ ಹೊಗೆ, ವಟುವಿನ ಬೋಳು ತಲೆ, ಅಡುಗೆಮನೆಯಲ್ಲಿ ಬಾಳೆಲೆ ಒರೆಸುವ ಕೈಗಳು. ಚೆನ್ನಾಗಿಯೇ ಬಂದಿದ್ದವು. ಅಕ್ಕ ಲ್ಯಾಪ್‌ಟಾಪ್ ಎದುರು ಕೂತು ಹತ್ತು ಫೋಟೋ ನೋಡಿದಳು.

“ಎಂತ ಮಾರಾಯ, ನನ್ನ ಸೀರೆಯ ಬಣ್ಣ ಎಲ್ಲಿ ಹೋಯ್ತು?”

“ಅದು ಕಪ್ಪು-ಬಿಳುಪು ಅಕ್ಕ. ಹಾಗೆ ತೆಗೆದದ್ದು.”

“ತೆಗೆ. ಆದರೆ ಬಣ್ಣದ್ದು ಸಹ ಕೊಡು.”

ಕೊಡಲು ಇರಲಿಲ್ಲ. ಜೆಪೆಗ್‌ನಲ್ಲಿ ಬಣ್ಣ ಹೋದರೆ ಹೋಯಿತು. ಆ ಸೀರೆ ಅವಳು ಆ ದಿನಕ್ಕೆಂದೇ ತಂದಿದ್ದಂತೆ. ಈಗಲೂ ಮನೆಯಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ “ಬಣ್ಣದ ಕ್ಯಾಮೆರಾ ತಾ” ಅಂತ ಹೇಳಿಯೇ ಕರೆಯುವುದು.

ಹಾಗಾದರೆ ಈ ದಾರಿ ಯಾರಿಗೂ ಬೇಡವಾ? ಎಡಿಟಿಂಗ್ ಅಂದರೆ ಮೈ ಪರಚಿಕೊಳ್ಳುವವರಿಗೆ, ತಮ್ಮ ಖುಷಿಗೆ ಮಾತ್ರ ತೆಗೆಯುವವರಿಗೆ ಆದೀತು. ಫ್ಯೂಜಿಯ ಆಕ್ರೋಸ್ ತರಹದ ಮೋಡ್‌ಗಳು ಕ್ಯಾಮೆರಾದಿಂದಲೇ ಚೆಂದದ ಜೆಪೆಗ್ ಕೊಡುತ್ತವೆ. ಆದರೂ ಒಂದು ಮಾತು. ಕಾರ್ಡು ಈಗ ಅಷ್ಟೇನೂ ದುಬಾರಿ ಅಲ್ಲ. ಮೆನುವಿನಲ್ಲಿ ‘ರಾ + ಜೆಪೆಗ್’ ಅಂತ ಇರುತ್ತದಲ್ಲ, ಅದನ್ನು ಒತ್ತಿ ಮರೆತುಬಿಡಿ. ಜೆಪೆಗ್ ನಿಮಗೆ, ರಾ ಅಕ್ಕನಿಗೆ.

ಬಣ್ಣದಲ್ಲಿ ನೋಡಿ ತೆಗೆಯುವುದಾ, ಬೂದಿನಲ್ಲಿ ನೋಡಿ ತೆಗೆಯುವುದಾ

ನಿಜವಾದ ಜಗಳ ಇರುವುದು ಎರಡನೇ ಮತ್ತು ಮೂರನೇ ದಾರಿಯ ನಡುವೆ. ಎರಡರಲ್ಲೂ ಕೊನೆಗೆ ಕೈಗೆ ಸಿಗುವ ರಾ ಫೈಲ್ ಒಂದೇ. ಬೇರೆಯಾಗುವುದು ಶಟರ್ ಒತ್ತುವ ಮೊದಲು ನಾವು ಎಂತ ಕಂಡೆವು ಅನ್ನುವುದು ಮಾತ್ರ. ಅದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತದಾ? ಆಗುತ್ತದೆ. ಬೇಕಲ ಕೋಟೆಯಲ್ಲಿ ಎರಡು ಬೆಳಗ್ಗೆ ಹೀಗೆ ಹೋಲಿಸಿ ನೋಡಿದೆ.

ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ ಅದು. ಪೂರ್ತಿ ಮುರಕಲ್ಲು. ಒಳಗೆ ಹುಲ್ಲು, ಆಚೆ ಸಮುದ್ರ. ಮೊದಲ ದಿನ ಬಣ್ಣದಲ್ಲೇ ನೋಡುತ್ತಾ ತೆಗೆದೆ. ಹುಲ್ಲಿನ ಮೇಲೆ ಕೆಂಪು ಕೊಡೆ ಹಿಡಿದು ಹೋಗುವ ಹುಡುಗಿ, ನೀಲಿ ಬಾಗಿಲಿನ ಹಾಗೆ ಕಾಣುವ ಕಮಾನು, ಅದರಾಚೆ ಕಡಲು. ಮನೆಗೆ ಬಂದು ಬಣ್ಣ ತೆಗೆದರೆ ಕೊಡೆ ಹುಲ್ಲಿನಲ್ಲಿ ಕರಗಿತ್ತು. ಕಮಾನಿನಾಚೆಯ ಕಡಲು ಮಾಸಲು ಬೂದು. ನಾನು ತೆಗೆದದ್ದು ಕಪ್ಪು-ಬಿಳುಪು ಫೋಟೋಗಳನ್ನೇ ಅಲ್ಲ. ಬಣ್ಣದ ಫೋಟೋ ತೆಗೆದು ಅದರ ಜೀವ ಕಳೆದದ್ದು.

ಎರಡನೇ ಸಲ ಪ್ರಿವ್ಯೂ, ಅಂದರೆ ಒತ್ತುವ ಮೊದಲೇ ಕ್ಯಾಮೆರಾದಲ್ಲಿ ಕಾಣುವ ಚಿತ್ರ, ಬೂದಿಗೆ ಇಟ್ಟುಕೊಂಡು ಹೋದೆ. ಅದೇ ಹುಲ್ಲು, ಅದೇ ಗೋಡೆ. ಕಣ್ಣು ಹೋದ ಜಾಗವೇ ಬೇರೆ. ಬೆಳಗ್ಗಿನ ಬಿಸಿಲು ಗೋಡೆಗೆ ಓರೆಯಾಗಿ ಬೀಳುವಾಗ ಮುರಕಲ್ಲಿನ ತೂತುಗಳಲ್ಲಿ ಒಂದೊಂದರಲ್ಲೂ ಒಂದು ಸಣ್ಣ ನೆರಳು ಕೂತಿರುತ್ತದೆ. ಬಣ್ಣದಲ್ಲಿ ನೋಡುವಾಗ ‘ಕೆಂಪು ಗೋಡೆ’ ಅಂತ ಮೆದುಳು ಬೋರ್ಡು ಹಾಕಿ ಮುಂದೆ ಹೋಗುತ್ತದೆ. ಬೂದಿನಲ್ಲಿ ಆ ತೂತುಗಳೇ ವಿಷಯ. ಕಮಾನಿನ ಕತ್ತಲೆಯಿಂದ ಬಿಳಿ ಮುಂಡು ಉಟ್ಟ ಒಬ್ಬರು ಹೊರಗೆ ಬಂದರು. ವ್ಯೂಫೈಂಡರ್‌ನಲ್ಲಿ ಮುಂಡು ಮಾತ್ರ ನಡೆದು ಬಂದ ಹಾಗೆ ಕಂಡಿತು. ಬಣ್ಣದಲ್ಲಿ ನೋಡುತ್ತಿದ್ದರೆ ಅವರ ಹಿಂದಿದ್ದ ಹಳದಿ ಚೀಲದ ಪ್ರವಾಸಿಯ ಕಡೆಗೇ ನನ್ನ ಗಮನ ಹೋಗುತ್ತಿತ್ತು.

ಇನ್ನೊಂದು ಲಾಭ ಹೆಚ್ಚಿನವರು ಹೇಳುವುದಿಲ್ಲ. ಹಳೆ ಮ್ಯಾನುವಲ್ ಲೆನ್ಸ್ ಹಾಕುವವರಿಗೆ ಫೋಕಸ್ ಪೀಕಿಂಗ್ ಗೊತ್ತಿರುತ್ತದೆ. ಫೋಕಸ್ ಆದ ಅಂಚಿಗೆ ಕೆಂಪು ಗೆರೆ ಬರುವ ಸೌಲಭ್ಯ. ಬಣ್ಣದ ಪರದೆಯಲ್ಲಿ ಆ ಗೆರೆ ಕೆಂಪು ಮಣ್ಣಿನೊಳಗೆ ಕಳೆದುಹೋಗುತ್ತದೆ. ಬೂದು ಪರದೆಯಲ್ಲಿ ಕೆಂಪು ಇರುವುದು ಅದೊಂದೇ. ಕನ್ನಡಕ ಹಾಕುವ ನನ್ನಂಥವನಿಗೆ ಇದೊಂದಕ್ಕೇ ಪ್ರಿವ್ಯೂ ಬೇಕು.

ನಷ್ಟ ಇಲ್ಲ ಅಂತಲ್ಲ. ಬೂದು ನೋಡಿಕೊಂಡು ತಿರುಗುವಾಗ ಒಳ್ಳೆ ಬಣ್ಣದ ಫೋಟೋ ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ಕುಂಬಳೆ ಕಡೆಯ ಕಡಲ ತೀರದಲ್ಲಿ ಬಣ್ಣ ಬಣ್ಣದ ದೋಣಿಗಳನ್ನು ಎಳೆದು ಸಾಲಾಗಿ ಇಟ್ಟಿದ್ದರು. ನಾನು ಅರ್ಧ ಗಂಟೆ ಹಗ್ಗದ ಗಂಟುಗಳ ಫೋಟೋ ತೆಗೆದು ಬಂದೆ. ರಾ ಫೈಲಿನಲ್ಲಿ ಬಣ್ಣ ಇತ್ತು ನಿಜ. ದೋಣಿಯೇ ಫ್ರೇಮಿನಲ್ಲಿ ಇರಲಿಲ್ಲ.

ಪ್ರಿವ್ಯೂ ಬೇಡ, ಕಣ್ಣಿಗೇ ಅಭ್ಯಾಸ ಆಗಬೇಕು ಅನ್ನುವವರೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಫಿಲ್ಮ್ ಕಾಲದವರಿಗೆ ಪ್ರಿವ್ಯೂ ಎಲ್ಲಿತ್ತು? ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ರೆಪ್ಪೆ ಅರ್ಧ ಮುಚ್ಚಿದರೆ ಬಣ್ಣ ಸ್ವಲ್ಪ ಹಿಂದೆ ಸರಿದು ಬೆಳಕು-ನೆರಳಿನ ದೊಡ್ಡ ತುಂಡುಗಳು ಮಾತ್ರ ಕಾಣುತ್ತವೆ. ಕೊಡಾಕ್ ಕಂಪನಿ ಇದಕ್ಕೆಂದೇ ರ್‍ಯಾಟನ್ 90 ಅನ್ನುವ ಕಂದು ಹಳದಿ ಗಾಜನ್ನು ಮಾಡಿತ್ತು. ಅದು ಲೆನ್ಸಿಗೆ ಹಾಕುವುದಲ್ಲ, ಕಣ್ಣಿಗೆ ಹಿಡಿದು ನೋಡುವುದು. ಅಂದರೆ ಪ್ರಿವ್ಯೂ ಬೇಕು ಅನ್ನುವ ಆಸೆ ಡಿಜಿಟಲ್‌ಗಿಂತ ಹಳೆಯದು. ನನಗೂ ಈಗ ದಾಸವಾಳ ನೋಡಿದ ಕೂಡಲೇ ಅದು ಬೂದಿನಲ್ಲಿ ಮುಳುಗುತ್ತದೆ ಅಂತ ಗೊತ್ತಾಗುತ್ತದೆ. ಗೊತ್ತಾಗುವಂತೆ ಮಾಡಿದ್ದು ಪ್ರಿವ್ಯೂವೇ.

ಫಿಲ್ಟರ್: ಮುಕ್ಕಾಲು ಆಟ ಇಲ್ಲಿದೆ

ಹೆಚ್ಚಿನವರು ಮೆನುವಿನಲ್ಲಿ ಮೊನೊಕ್ರೋಮ್ ಒತ್ತಿ ಅಲ್ಲಿಗೇ ನಿಲ್ಲುತ್ತಾರೆ. ಇನ್ನೂ ಒಂದು ಮೆಟ್ಟಿಲು ಒಳಗೆ ಹೋಗಿ. ಕೆನಾನ್‌ನ ಪಿಕ್ಚರ್ ಸ್ಟೈಲ್‌ನಲ್ಲಿ, ನಿಕಾನ್‌ನ ಪಿಕ್ಚರ್ ಕಂಟ್ರೋಲ್‌ನಲ್ಲಿ ಮೊನೊಕ್ರೋಮ್‌ನ ಒಳಗೆ ಹಳದಿ, ಕಿತ್ತಳೆ, ಕೆಂಪು, ಹಸಿರು ಅಂತ ನಾಲ್ಕು ಫಿಲ್ಟರ್ ಇರುತ್ತವೆ. ಫ್ಯೂಜಿಯಲ್ಲಿ ಹಳದಿ, ಕೆಂಪು, ಹಸಿರು. ಸೂತ್ರ ಒಂದೇ: ಫಿಲ್ಟರ್ ಯಾವ ಬಣ್ಣವೋ ಆ ಬಣ್ಣ ಬೆಳ್ಳಗಾಗುತ್ತದೆ, ಅದಕ್ಕೆ ಎದುರಿನ ಬಣ್ಣ ಕಪ್ಪಗಾಗುತ್ತದೆ.

ದಾಸವಾಳಕ್ಕೆ ವಾಪಸ್ ಬನ್ನಿ. ಕೆಂಪು ಫಿಲ್ಟರ್ ಹಾಕಿದರೆ ಕೆಂಪಿನ ಅಂಕಿ ಮಾತ್ರ ಲೆಕ್ಕಕ್ಕೆ ಬಂತು ಅಂದುಕೊಳ್ಳಿ. ಹೂವು 200, ಎಲೆ 60. ಬಿಳಿ ಹೂವು, ಕಪ್ಪು ಗಿಡ. ಹಸಿರು ಫಿಲ್ಟರ್ ಹಾಕಿದರೆ ಹೂವು 20, ಎಲೆ 110. ಕಪ್ಪು ಹೂವು, ಬೆಳಕಿನ ಎಲೆ. ಅದೇ ಗಿಡ, ಅದೇ ಬಿಸಿಲು. ಯಾವುದು ಸರಿ ಅಂತ ಕೇಳಿದರೆ ಎರಡೂ ಸರಿ. ಆದರೆ ಹಿನ್ನೆಲೆ ಯಾವುದಿರಬೇಕು, ಹೂವಿಗೆ ಎಷ್ಟು ಹತ್ತಿರ ಹೋಗಬೇಕು ಅನ್ನುವುದು ಎರಡರಲ್ಲೂ ಬೇರೆ. ಬಿಳಿ ಹೂವಿಗೆ ಹಿಂದೆ ಕತ್ತಲೆ ತೋಟ ಬೇಕು. ಕಪ್ಪು ಹೂವಿಗೆ ಹಿಂದೆ ಸುಣ್ಣದ ಗೋಡೆ ಸಿಕ್ಕಿದರೆ ಒಳ್ಳೆಯದು. ಅದಕ್ಕೇ ಫಿಲ್ಟರ್ ಅನ್ನು ಮನೆಗೆ ಬಂದು ಹಾಕುವುದಕ್ಕಿಂತ ಅಲ್ಲೇ ಹಾಕಿ ನೋಡಿ ಅನ್ನುವುದು.

ಬೇಕಲದ ಗೋಡೆಗೂ ಇದೇ ಲೆಕ್ಕ. ಕೆಂಪು ಅಥವಾ ಕಿತ್ತಳೆ ಫಿಲ್ಟರ್‌ನಲ್ಲಿ ಮುರಕಲ್ಲು ಹೊಳೆಯುತ್ತದೆ, ಹುಲ್ಲು ತಗ್ಗುತ್ತದೆ, ಡಿಸೆಂಬರಿನ ನೀಲಿ ಆಕಾಶ ಗಾಢವಾಗಿ ಮೋಡ ಎದ್ದು ನಿಲ್ಲುತ್ತದೆ. ಕಡಲಿನ ಅಂಚಿನಲ್ಲಿ ಆಕಾಶ ಮೊದಲೇ ಪೇಲವವಾಗಿರುವುದರಿಂದ ಅಲ್ಲಿ ಅಷ್ಟು ಎಫೆಕ್ಟ್ ಇಲ್ಲ. ಮಳೆಗಾಲದಲ್ಲಿ? ಮೋಡ ಮುಚ್ಚಿದ ಆಕಾಶಕ್ಕೆ ಬಣ್ಣವೇ ಇಲ್ಲ. ಯಾವ ಫಿಲ್ಟರ್ ಹಾಕಿದರೂ ಅದು ಬೂದು ಬೂದೇ. ಜೂನ್‌ನಲ್ಲಿ ಆಕಾಶಕ್ಕೆ ಫಿಲ್ಟರ್ ಹುಡುಕಬೇಡಿ, ಆಕಾಶವನ್ನೇ ಫ್ರೇಮಿನಿಂದ ಹೊರಗಿಡಿ. ಒದ್ದೆ ಅಡಿಕೆ ಮರಗಳ ಸಾಲು ಸಾಕು.

ಮುಖಕ್ಕೆ ಬಂದಾಗ ಮಾತ್ರ ಜಾಗ್ರತೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಅಡಿಕೆ ಹೋಳು ಮಾಡುತ್ತಿದ್ದರು. ಮುಖದ ಮೇಲೆ ಬದಿಯಿಂದ ಬೆಳಕು, ನೆರಿಗೆಗಳೆಲ್ಲ ಎದ್ದು ಕಾಣುತ್ತಿದ್ದವು. ಕೋಟೆಯಲ್ಲಿ ಹಾಕಿದ ಕೆಂಪು ಫಿಲ್ಟರ್ ಹಾಗೇ ಉಳಿದಿತ್ತು, ನಾನು ನೋಡಲಿಲ್ಲ. ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಮತ್ತೆ ನೋಡಿದರು. “ನನ್ನ ಕುಂಕುಮ ಎಲ್ಲಿ?” ಅಂದರು. ನಿಜ, ಹಣೆ ಖಾಲಿ. ಕೆಂಪು ಫಿಲ್ಟರ್ ಕುಂಕುಮವನ್ನು ಚರ್ಮದ ಬೆಳಕಿಗೇ ಸೇರಿಸಿಬಿಟ್ಟಿತ್ತು. ದೊಡ್ಡಪ್ಪ ಒಳಗೆ ಮಲಗಿದ್ದರು, ಗಟ್ಟಿಮುಟ್ಟಾಗಿಯೇ ಇದ್ದರು. ಆದರೂ ದೊಡ್ಡಮ್ಮನಿಗೆ ಸಮಾಧಾನ ಆಗಲಿಲ್ಲ. ಅಳಿಸು ಅಂದರು, ಅಳಿಸಿದೆ. ಹಸಿರು ಫಿಲ್ಟರ್ ಹಾಕಿ ಮತ್ತೊಂದು ತೆಗೆದೆ. ಕುಂಕುಮ ಕಪ್ಪಗೆ, ದುಂಡಗೆ, ಸ್ಪಷ್ಟ. ನೆರಿಗೆ ಮೊದಲಿಗಿಂತ ಜಾಸ್ತಿ ಕಂಡಿತು, ಅದಕ್ಕೆ ಅವರು ಬೇಸರ ಮಾಡಲಿಲ್ಲ.

ಹಳೆ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಅದರಲ್ಲಿ ತೆಗೆದ ಫೋಟೋಗಳಲ್ಲಿ ಕುಂಕುಮ, ತುಟಿ ಎಲ್ಲ ಕಪ್ಪಗೆ ಬರುತ್ತಿದ್ದವು. ಹಸಿರು ಫಿಲ್ಟರ್ ಮಾಡುವುದು ಹೆಚ್ಚುಕಮ್ಮಿ ಅದನ್ನೇ. ಕೆಂಪು ಫಿಲ್ಟರ್‌ನಲ್ಲಿ ಮೊಡವೆ, ಕಲೆ ಮಾಯವಾಗುತ್ತದೆ ಅಂತ ಕೆಲವರು ಮುಖಕ್ಕೆ ಅದನ್ನೇ ಹಾಕುತ್ತಾರೆ. ಜತೆಗೆ ತುಟಿಯೂ ಹೋಗುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ.

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಇದು ಇನ್ನೂ ಸ್ಪಷ್ಟ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಮುಖದ ತುಂಬ ಕೆಂಪು-ಕಪ್ಪು ಬಳಿದು ಅದರ ಮೇಲೆ ಬಿಳಿ ಚುಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಕೂತು ಒಂದೊಂದೇ ಮುಳ್ಳು ಎಬ್ಬಿಸಿದ ಹಾಗೆ ಮಾಡುವ ಕೆಲಸ. ಕೆಂಪು ಫಿಲ್ಟರ್‌ನಲ್ಲಿ ಹಿನ್ನೆಲೆಯ ಕೆಂಪು ಬೆಳ್ಳಗಾಗಿ ಚುಟ್ಟಿ ಅದರೊಳಗೆ ಸೇರಿ ಹೋಗುತ್ತದೆ. ಅಷ್ಟು ಹೊತ್ತಿನ ಕೆಲಸ ಒಂದು ಬಟನ್ನಿನಲ್ಲಿ ಖಲಾಸ್. ಹಸಿರಿನಲ್ಲಿ ಕೆಂಪು ಇಳಿದು ಚುಟ್ಟಿಯ ಒಂದೊಂದು ಬಿಂದುವೂ ನಿಲ್ಲುತ್ತದೆ. ಚೌಕಿಗೆ ನಾನು ಹಸಿರು ಬಿಟ್ಟು ಬೇರೆ ಫಿಲ್ಟರ್ ಹಾಕುವುದಿಲ್ಲ. ಅಲ್ಲಿ ಒಂದು ಬಲ್ಬಿಗೆ ನೀಲಿ ಬೆಳಕು, ಇನ್ನೊಂದಕ್ಕೆ ಹಳದಿ. ಬಣ್ಣದಲ್ಲಿ ತೆಗೆದರೆ ಅರ್ಧ ಮುಖ ಕಾಮಾಲೆ ಬಂದ ಹಾಗೆ ಕಾಣುತ್ತದೆ. ಕಪ್ಪು-ಬಿಳುಪು ಆ ರಗಳೆಯನ್ನೇ ತಪ್ಪಿಸುತ್ತದೆ. ಒಳಗೆ ಹೋಗುವ ಮೊದಲು ಕಲಾವಿದರನ್ನು ಕೇಳಿ, ಫ್ಲ್ಯಾಶ್ ಬೇಡವೇ ಬೇಡ.

ಗಾಜಿನ ಫಿಲ್ಟರಾ, ಕ್ಯಾಮೆರಾದೊಳಗಿನದ್ದಾ? ಗಾಜಿನ ಕೆಂಪು ಫಿಲ್ಟರ್ ಸುಮಾರು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ) ಬೆಳಕು ತಿನ್ನುತ್ತದೆ, ಹಳದಿ ಒಂದು. ಒಳಗಿನ ಫಿಲ್ಟರ್ ಬರೀ ಲೆಕ್ಕ, ಬೆಳಕು ತಿನ್ನುವುದಿಲ್ಲ. ಹಾಗಂತ ಪುಕ್ಕಟೆಯೂ ಅಲ್ಲ. ಸಾಮಾನ್ಯ ಸೆನ್ಸರ್‌ನಲ್ಲಿ ಅರ್ಧ ಪಿಕ್ಸೆಲ್ ಹಸಿರು ನೋಡುತ್ತವೆ, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. 24 ಮೆಗಾಪಿಕ್ಸೆಲ್ ಅಂದರೆ ಕೆಂಪಿಗೆ ಸಿಗುವುದು 6. ಕೆಂಪು ಫಿಲ್ಟರ್ ಹಾಕಿ ನೀಲಿ ಆಕಾಶವನ್ನು ಕಪ್ಪು ಮಾಡಿದರೆ ಅಲ್ಲಿ ಕಾಳು ಕಾಳಾಗಿ ನಾಯ್ಸ್ ಏಳುವುದು ಅದಕ್ಕೇ. ನೋಡಲು ಕೆಂಪು ಇಡಿ, ಕೊನೆಯ ಪ್ರಿಂಟಿಗೆ ಕಿತ್ತಳೆಯಷ್ಟಕ್ಕೆ ನಿಲ್ಲಿಸಿ. ಡಿಜಿಟಲ್‌ನಲ್ಲಿ ತೆಗೆಯುವವರು ಗಾಜು ಕೊಳ್ಳುವುದು ನನ್ನ ಪ್ರಕಾರ ದಂಡ. ಅದನ್ನು ಹಾಕಿದರೆ ರಾ ಫೈಲೂ ಕೆಂಪಾಗಿ ಕೂತುಬಿಡುತ್ತದೆ, ಆಮೇಲೆ ಹಸಿರಿಗೆ ಹೋಗಲು ಆಗುವುದಿಲ್ಲ.

ಪ್ರಿವ್ಯೂ ಸುಳ್ಳು ಹೇಳುವ ಎರಡು ಜಾಗ

ನೀಲೇಶ್ವರದ ಕಡೆ ಬೆಳಗಿನ ಜಾವ ತೆಯ್ಯಂ ನೋಡಲು ಹೋದಾಗ ಇದು ಗೊತ್ತಾಯಿತು. ಸೂಟೆಯ ಬೆಂಕಿ, ಕೆಂಪು ಬಟ್ಟೆ, ಕೆಂಪು ಮುಖ. ಬೂದು ಪರದೆಯಲ್ಲಿ ಎಲ್ಲ ಹದವಾಗಿ ಕಾಣುತ್ತಿತ್ತು, ಹಿಸ್ಟೋಗ್ರಾಮ್ (ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸಹ ಮಧ್ಯದಲ್ಲೇ ಇತ್ತು. ಮನೆಗೆ ಬಂದು ರಾ ತೆರೆದರೆ ಮುಖದ ಕೆಂಪು ಸುಟ್ಟುಹೋಗಿತ್ತು. ಗೆರೆ ಇಲ್ಲ, ಚಿತ್ತಾರ ಇಲ್ಲ, ಒಂದೇ ತೇಪೆ. ಕಾರಣ ಸಿಂಪಲ್. ಹಿಸ್ಟೋಗ್ರಾಮ್ ತೋರಿಸುವುದು ರಾ ಅಲ್ಲ, ಕ್ಯಾಮೆರಾ ಮಾಡಿದ ಕಪ್ಪು-ಬಿಳುಪು ಚಿತ್ರದ ಲೆಕ್ಕ. ಅದರಲ್ಲಿ ಕೆಂಪಿನ ಪಾಲು ಕಮ್ಮಿ. ಕೆಂಪು ತುಂಬಿ ಹೊರಗೆ ಚೆಲ್ಲಿದರೂ ಅಲ್ಲಿ ಬೇರೆಯಾಗಿ ಕಾಣುವುದಿಲ್ಲ. ಅಂಥ ಜಾಗದಲ್ಲಿ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಒಂದು ಸ್ಟಾಪ್ ಇಳಿಸಿ ತೆಗೆಯಿರಿ. ಇಲ್ಲವೇ ಒಂದು ಕ್ಷಣ ಬಣ್ಣಕ್ಕೆ ತಿರುಗಿಸಿ ಮೂರು ಬಣ್ಣದ ಹಿಸ್ಟೋಗ್ರಾಮ್ ನೋಡಿ ವಾಪಸ್ ಬನ್ನಿ.

ಎರಡನೆಯದು ಕಾಂಟ್ರಾಸ್ಟ್. ಪ್ರಿವ್ಯೂ ಚೆಂದ ಕಾಣಲಿ ಅಂತ ಕಾಂಟ್ರಾಸ್ಟ್ ಏರಿಸಿ ಇಡುತ್ತೇವೆ. ತೋಟದೊಳಗಿನ ನೆರಳೆಲ್ಲ ಕಾಡಿಗೆಯ ಹಾಗೆ ಕಾಣುತ್ತದೆ. ಹೆದರಿ ಎಕ್ಸ್‌ಪೋಷರ್ ಜಾಸ್ತಿ ಮಾಡುತ್ತೇವೆ. ಎಲೆಗಳ ಸಂದಿನಿಂದ ಬರುವ ಬಿಸಿಲಿನ ಚುಕ್ಕೆಗಳು ಹಾಳಾಗುತ್ತವೆ. ನೆರಳಿನಲ್ಲಿ ಎಂತ ಉಂಟು ಅನ್ನುವುದು ರಾ ಫೈಲಿಗೆ ಮೊದಲೇ ಗೊತ್ತಿತ್ತು. ಕಾಂಟ್ರಾಸ್ಟ್ ಸೊನ್ನೆಗೆ ಇಡಿ.

ಯಾವ ಕ್ಯಾಮೆರಾದವರಿಗೆ ಎಂತ

ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಇದ್ದವರಿಗೆ ಯೋಚನೆ ಬೇಡ. ಕಣ್ಣಿಟ್ಟ ಕಿಂಡಿಯಲ್ಲೇ ಬೂದು ಕಾಣುತ್ತದೆ, ನಡು ಬಿಸಿಲಿನಲ್ಲೂ. 2023 ರಲ್ಲಿ ಬಂದ ನಿಕಾನ್ ಝಡ್‌ಎಫ್‌ನಲ್ಲಿ ಕಪ್ಪು-ಬಿಳುಪಿಗೆಂದೇ ಮೇಲ್ಗಡೆ ಒಂದು ಕಡ್ಡಿ ಇಟ್ಟಿದ್ದಾರೆ, ಮೆನುವಿಗೆ ಹೋಗುವ ಕೆಲಸವೇ ಇಲ್ಲ. ಬೇರೆ ಕ್ಯಾಮೆರಾಗಳಲ್ಲಿ ನೀವೇ ಒಂದು ಬಟನ್ನಿಗೆ ಕೊಟ್ಟುಕೊಳ್ಳಬಹುದು. ಬಣ್ಣ-ಬೂದು ಬದಲಿಸುವುದು ಎರಡು ಸೆಕೆಂಡಿನ ಕೆಲಸ ಆದರೆ ಮಾತ್ರ ಕುಂಬಳೆಯ ದೋಣಿಗಳು ತಪ್ಪುವುದಿಲ್ಲ.

ಡಿಎಸ್‌ಎಲ್‌ಆರ್‌ನವರ ವಿಷಯ ಬೇರೆ. ಅದರ ಕಿಂಡಿಯಲ್ಲಿ ಕಾಣುವುದು ಕನ್ನಡಿಯಿಂದ ಬಂದ ನಿಜ ಬೆಳಕು, ಯಾವ ಸೆಟ್ಟಿಂಗ್ ಹಾಕಿದರೂ ಬಣ್ಣವೇ. ಬೂದು ಬೇಕಾದರೆ ಲೈವ್ ವ್ಯೂ ಒತ್ತಿ ಹಿಂದಿನ ಪರದೆ ನೋಡಬೇಕು. ನಿಧಾನದ ಕೆಲಸಕ್ಕೆ ಇದು ಸಾಕು. ನಮ್ಮ ಕಡೆ ಗುಡ್ಡ ಅಡ್ಡಕ್ಕೆ ಕೊರೆದ ಸುರಂಗಗಳು ಇವೆಯಲ್ಲ, ನೀರು ತಾನಾಗಿ ಹರಿದು ಬರುವಂಥವು, ಅವುಗಳ ಬಾಯಿಯ ಎದುರು ಟ್ರೈಪಾಡ್ ಇಟ್ಟು ಲೈವ್ ವ್ಯೂನಲ್ಲಿ ತೆಗೆದ ಫೋಟೋಗಳು ನನ್ನ ಹಳೆ ಡಿಎಸ್‌ಎಲ್‌ಆರ್‌ನವೇ. ಓಡಾಡುವ ಜನರನ್ನು ತೆಗೆಯುವಾಗ ಅದು ಆಗದು. ಆಗ ಮೊದಲು ಒಂದು ಫೋಟೋ ತೆಗೆದು, ಪರದೆಯಲ್ಲಿ ಬೂದು ಹೇಗೆ ಬಂತು ನೋಡಿ, ಅದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದಿನದ್ದು ಕಿಂಡಿಯಿಂದ ತೆಗೆಯುವುದು. ಬರೀ ಇದಕ್ಕಾಗಿ ಡಿಎಸ್‌ಎಲ್‌ಆರ್ ಮಾರಬೇಡಿ.

ಫೋನಿನವರಿಗೆ ಒಂದು ಗುಟ್ಟು. ಐಫೋನಿನಲ್ಲಿ ಮೊನೊ, ನ್ವಾರ್ ಅಂತ ಫಿಲ್ಟರ್ ಹಾಕಿ ತೆಗೆದರೂ ಆಮೇಲೆ ಬಣ್ಣಕ್ಕೆ ವಾಪಸ್ ಹೋಗಬಹುದು. ಎಲ್ಲ ಫೋನ್‌ಗಳಲ್ಲಿ ಹಾಗಿಲ್ಲ, ಫಿಲ್ಟರ್ ಫೋಟೋದಲ್ಲೇ ಅಂಟಿಕೊಳ್ಳುವವೂ ಇವೆ. ಅದಕ್ಕೆ ಕ್ಯಾಮೆರಾ ಆ್ಯಪ್‌ನ ಫಿಲ್ಟರ್ ಮುಟ್ಟಲೇ ಬೇಡಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಆ್ಯಂಡ್ರಾಯ್ಡ್ ಆದರೆ ಕಲರ್ ಕರೆಕ್ಷನ್, ಐಫೋನ್ ಆದರೆ ಡಿಸ್‌ಪ್ಲೇ ಒಳಗೆ ಕಲರ್ ಫಿಲ್ಟರ್ಸ್. ಅಲ್ಲಿ ಗ್ರೇಸ್ಕೇಲ್ ಆರಿಸಿ. ಇಡೀ ಪರದೆಯೇ ಬೂದಾಗುತ್ತದೆ, ಫೋಟೋ ಮಾತ್ರ ಪೂರ್ತಿ ಬಣ್ಣದಲ್ಲಿ ಉಳಿಯುತ್ತದೆ. ಪುಕ್ಕಟೆ ಪ್ರಿವ್ಯೂ ಅಂದರೆ ಇದೇ. ಆಮೇಲೆ ಸ್ನ್ಯಾಪ್‌ಸೀಡ್ ಅನ್ನುವ ಎಡಿಟಿಂಗ್ ಆ್ಯಪ್‌ನ ಕಪ್ಪು-ಬಿಳುಪು ಟೂಲ್‌ನಲ್ಲಿ ಕೆಂಪು, ಹಸಿರು ಫಿಲ್ಟರ್‌ಗಳೂ ಸಿಗುತ್ತವೆ. ಈಗ ಶುರು ಮಾಡುವವರು ಕ್ಯಾಮೆರಾ ಕೊಳ್ಳುವ ಮೊದಲು ಒಂದು ತಿಂಗಳು ಹೀಗೆ ತಿರುಗಿ ನೋಡಿ.

ಕಪ್ಪು-ಬಿಳುಪು ಮಾತ್ರ ತೆಗೆಯುವ ಕ್ಯಾಮೆರಾಗಳೂ ಉಂಟು. 2012 ರಲ್ಲಿ ಲೈಕಾ ಎಂ ಮೊನೊಕ್ರೋಮ್, 2023 ರಲ್ಲಿ ಪೆಂಟಾಕ್ಸ್ ಕೆ-3 ಮಾರ್ಕ್ 3 ಮೊನೊಕ್ರೋಮ್. ಸೆನ್ಸರ್ ಮೇಲೆ ಬಣ್ಣದ ಗಾಜೇ ಇಲ್ಲದ್ದರಿಂದ ಚಿತ್ರ ತುಂಬ ಸ್ವಚ್ಛ. ಆದರೆ ಬಣ್ಣದ ಮಾಹಿತಿಯೇ ಇಲ್ಲವಾದ್ದರಿಂದ ಒಳಗಿನ ಫಿಲ್ಟರ್ ಆಟ ಬಂದ್, ಇಲ್ಲಿ ಗಾಜಿನದ್ದೇ ಬೇಕು. ತಮಾಷೆ ಅಂದರೆ ಆ ಪೆಂಟಾಕ್ಸ್ ಡಿಎಸ್‌ಎಲ್‌ಆರ್. ಬೂದು ಮಾತ್ರ ತೆಗೆಯುವ ಕ್ಯಾಮೆರಾದ ಕಿಂಡಿಯಲ್ಲಿ ಬಣ್ಣ ಮಾತ್ರ ಕಾಣುತ್ತದೆ! ಇವೆರಡೂ ನನ್ನ ಜೇಬಿನ ಆಚೆಯ ಮಾತು. ಫಿಲ್ಮ್ ಬೇಕಾದರೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಇದೆ. ಒಂದು ರೋಲಿಗೆ 36 ಫೋಟೋ, ತೊಳೆದು ಬರುವ ತನಕ ಕಾಯಬೇಕು. ಖುಷಿಗೆ ಒಳ್ಳೆಯದು, ಕಲಿಯಲು ನಿಧಾನ.

ಮನೆಗೆ ಬಂದ ಮೇಲೆ

ಮೊದಲ ಸಲ ಮಾಡುವವರು ಒಂದು ಕಡೆ ಗಾಬರಿ ಬೀಳುತ್ತಾರೆ. ಲೈಟ್‌ರೂಮ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಫೋಟೋ ತೆರೆದಾಗ ಒಂದು ಕ್ಷಣ ಕಪ್ಪು-ಬಿಳುಪು ಕಾಣುತ್ತದೆ, ನೋಡ್ತಾ ನೋಡ್ತಾ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟದ್ದಲ್ಲ. ಮೊದಲು ಕಂಡದ್ದು ಕ್ಯಾಮೆರಾ ಜತೆಗಿಟ್ಟ ಸಣ್ಣ ಜೆಪೆಗ್, ಆಮೇಲಿನದ್ದು ರಾ. ಪ್ರಿಫರೆನ್ಸಸ್‌ನಲ್ಲಿ ರಾ ಡಿಫಾಲ್ಟ್ ಅನ್ನು ‘ಕ್ಯಾಮೆರಾ ಸೆಟ್ಟಿಂಗ್ಸ್’ಗೆ ಇಟ್ಟರೆ ಹೆಚ್ಚಿನ ಕ್ಯಾಮೆರಾಗಳ ಫೈಲು ಬೂದಿನಲ್ಲೇ ನಿಲ್ಲುತ್ತದೆ. ನಿಕಾನ್, ಕೆನಾನ್ ಕಂಪನಿಗಳ ಸ್ವಂತ ಸಾಫ್ಟ್‌ವೇರ್ ತಾನಾಗಿಯೇ ಸೆಟ್ಟಿಂಗ್ ಓದಿಕೊಳ್ಳುತ್ತದೆ, ದುಡ್ಡೂ ಬೇಡ. ಕಂಪ್ಯೂಟರೇ ಬೇಡ ಅನ್ನುವವರಿಗೆ ಫ್ಯೂಜಿ, ನಿಕಾನ್‌ನ ಹೆಚ್ಚಿನ ಕ್ಯಾಮೆರಾಗಳಲ್ಲಿ ರಾ ಫೈಲನ್ನು ಅಲ್ಲೇ ಮತ್ತೆ ಜೆಪೆಗ್ ಮಾಡುವ ಸೌಲಭ್ಯ ಉಂಟು. ಒಂದೇ ದಾಸವಾಳದಿಂದ ಕೆಂಪು ಫಿಲ್ಟರ್‌ನದ್ದು, ಹಸಿರಿನದ್ದು, ಬಣ್ಣದ್ದು ಮೂರನ್ನೂ ಬಸ್ಸಿನಲ್ಲಿ ಕೂತು ಮಾಡಿಕೊಳ್ಳಬಹುದು.

ಮತ್ತೆ, ವಿಡಿಯೊ ತೆಗೆಯುವ ಮೊದಲು ಮೊನೊಕ್ರೋಮ್ ತೆಗೆದುಹಾಕಿ. ಫೋಟೋಕ್ಕೆ ಇರುವ ಹಾಗೆ ಮಾಮೂಲಿ ವಿಡಿಯೊಗೆ ರಾ ಇರುವುದಿಲ್ಲ. ಪರದೆಯಲ್ಲಿ ಬೂದು ಕಂಡರೆ ಫೈಲಿನಲ್ಲೂ ಬೂದೇ. ಅಕ್ಕನ ಮನೆಯಲ್ಲಿ ಮುಂದಿನ ತಿಂಗಳು ಗೃಹಪ್ರವೇಶ ಉಂಟು, ನಾನು ಕ್ಯಾಮೆರಾದ ಮೇಲೆ ಒಂದು ಚೀಟಿ ಅಂಟಿಸಿ ಇಟ್ಟಿದ್ದೇನೆ.